ಆರತಿಯಿಲ್ಲದೆ ದೊಡ್ಡವಳಾದ ರತನ್

ನಮ್ಮ ಕಡೆ ‘ಹುಡುಗಿ ದೊಡ್ಡವಳಾದಳು’ ಎಂದರೆ ಅದಕ್ಕೆ ಒಂದೇ ಅರ್ಥ. ಹಸೆಮಣೆಯ ಮೇಲೆ ಕೂರಿಸಿ ಆರತಿ ಎತ್ತುತ್ತಾರೆ, ಓಣಿಗೆಲ್ಲ ಸುದ್ದಿಯಾಗುತ್ತದೆ. ಸತ್ಯಜಿತ್ ರಾಯ್ ಅವರ ‘ಪೋಸ್ಟ್‌ಮಾಸ್ಟರ್’ ನೋಡಿದಾಗೆಲ್ಲ ಈ ಮಾತು ನೆನಪಾಗುತ್ತದೆ. ಅಲ್ಲಿಯೂ ಒಬ್ಬಳು ದೊಡ್ಡವಳಾಗುತ್ತಾಳೆ; ಯಾರಿಗೂ ಸುದ್ದಿಯಾಗದಂತೆ, ಕೈಯಲ್ಲಿ ನೀರಿನ ಬಕೆಟ್ಟು ಹಿಡಿದು.

ಟ್ಯಾಗೋರ್ ಜನ್ಮಶತಮಾನೋತ್ಸವಕ್ಕೆಂದು ರಾಯ್ 1961ರಲ್ಲಿ ಮಾಡಿದ ‘ತೀನ್ ಕನ್ಯಾ’ದ ಮೊದಲ ಚಿತ್ರವಿದು. ಒಂದು ಗಂಟೆಯೂ ಇಲ್ಲ. ಕಲ್ಕತ್ತೆಯ ನಂದಲಾಲ್ (ಅನಿಲ್ ಚಟರ್ಜಿ) ಹಳ್ಳಿಯ ಅಂಚೆಮನೆಗೆ ಬರುತ್ತಾನೆ. ಅನಾಥೆ ರತನ್ (ಚಂದನಾ ಬ್ಯಾನರ್ಜಿ) ಅಲ್ಲಿಯ ಕೆಲಸದವಳು. ಟ್ಯಾಗೋರರ ಕತೆಯಲ್ಲಿ ಅವಳಿಗೆ ಹನ್ನೆರಡು ಹದಿಮೂರು. ತೆರೆಯ ಮೇಲೆ ಇನ್ನೂ ಚಿಕ್ಕವಳಂತೆ ಕಾಣುತ್ತಾಳೆ. ಬೇಸರ ಕಳೆಯಲು ಅವನು ಅಕ್ಷರ ಕಲಿಸುತ್ತಾನೆ. ಅವನಿಗೆ ಮಲೇರಿಯಾ ಬಂದಾಗ ಅವಳು ಆರೈಕೆ ಮಾಡುತ್ತಾಳೆ. ಹುಷಾರಾದವನು ಊರು ಬಿಡಲು ತೀರ್ಮಾನಿಸುತ್ತಾನೆ.

ಕತೆಯಲ್ಲಿ ರತನ್ ಅವನ ಕಾಲಿಗೆ ಬಿದ್ದು, ಹಣ ಬೇಡವೆಂದು ಹೇಳಿ ಓಡಿಹೋಗುತ್ತಾಳೆ. ದೋಣಿಯಲ್ಲಿ ಕೂತ ಅವನಿಗೆ ಸಮಾಧಾನಕ್ಕೊಂದು ತತ್ವಜ್ಞಾನ ಸಿಗುತ್ತದೆ. ಇವಳು ಅಂಚೆಮನೆಯ ಸುತ್ತ ಅಳುತ್ತ ತಿರುಗುತ್ತಾಳೆ. ಸಿನಿಮಾದಲ್ಲಿ ಕಣ್ಣೀರಿನ ಬೀಳ್ಕೊಡುಗೆಯಿಲ್ಲ. ಹೊರಟವನು ಭಕ್ಷೀಸು ಕೊಡಲು ನಿಂತಿದ್ದಾನೆ. ಅವಳು ಬಕೆಟ್ಟು ಹೊತ್ತು ಬರುತ್ತಾಳೆ, ನಿಲ್ಲದೆ ದಾಟಿ ಹೋಗುತ್ತಾಳೆ. ಮರುಗಳಿಗೆ ಅವಳ ದನಿ ಮಾತ್ರ ಕೇಳುತ್ತದೆ: ಹೊಸ ಪೋಸ್ಟ್‌ಮಾಸ್ಟರನಿಗೆ ನೀರು ತಂದಿರುವುದಾಗಿ ಹೇಳುತ್ತಿದ್ದಾಳೆ.

ಬಹಳ ವರ್ಷ ಈ ಕೊನೆಯ ಬಗ್ಗೆ ನನಗೊಂದು ತಕರಾರಿತ್ತು. ಹುಡುಗಿಗೆ ಸ್ವಾಭಿಮಾನ ಕೊಟ್ಟು ರಾಯ್ ನಮ್ಮನ್ನು ಸುಲಭವಾಗಿ ಪಾರು ಮಾಡಿದರು. ಟ್ಯಾಗೋರರ ಅಳುವ ರತನ್ ಹಾಗೆ ಬಿಡುವುದಿಲ್ಲ ಅನ್ನಿಸುತ್ತಿತ್ತು.

ಈಗ ಹಾಗನ್ನಿಸುವುದಿಲ್ಲ. ಅದಕ್ಕೆ ಕಾರಣ ನನ್ನದೇ ಒಂದು ನೆನಪು. ಕಾಲೇಜಿನ ದಿನಗಳಲ್ಲಿ, ಒಂದು ಬೇಸಿಗೆ ರಜೆಯಲ್ಲಿ, ನಮ್ಮ ಮನೆಗೆ ಪಾತ್ರೆ ತಿಕ್ಕಲು ಬರುತ್ತಿದ್ದ ಹುಡುಗಿಗೆ ಅಕ್ಷರ ಕಲಿಸಿದ್ದೆ. ‘ಒತ್ತಕ್ಷರ ದೀಪಾವಳಿಗೆ ಬಂದಾಗ’ ಅಂದು ಹೊರಟುಬಿಟ್ಟೆ. ದೀಪಾವಳಿಗೆ ಹೋದಾಗ ನನಗೆ ಆ ಮಾತೇ ಮರೆತಿತ್ತು. ‘ಅಣ್ಣಾ, ನೀನು’ ಅನ್ನುತ್ತಿದ್ದವಳು ‘ಯಾವಾಗ ಬಂದ್ರಿ?’ ಅಂದಳು. ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ಅದು ಮುನಿಸಲ್ಲ. ನಾನು ಯಾರು, ತಾನು ಯಾರು ಎಂಬುದು ಅವಳಿಗೆ ಅರ್ಥವಾಗಿತ್ತು.

ರತನ್ ಕಾಸಿಗೆ ಕೈ ಚಾಚದಿದ್ದದ್ದು ಸ್ವಾಭಿಮಾನವೇ. ಆದರೆ ಚಿತ್ರ ಅಲ್ಲಿಗೆ ಮುಗಿಯುವುದಿಲ್ಲ, ನೀರು ತಂದಿರುವ ಮಾತು ಅದರ ಬೆನ್ನಿಗೇ ಬರುತ್ತದೆ. ಅಭಿಮಾನ ಅವಳನ್ನು ಕೆಲಸದಿಂದ ಬಿಡಿಸಲಿಲ್ಲ. ಬೆಳೆಯುವ ಕತೆಗಳಲ್ಲಿ ಸಾಮಾನ್ಯವಾಗಿ ಬೆಳೆದವರು ಊರು ಬಿಟ್ಟು ಹೋಗುತ್ತಾರೆ. ಇಲ್ಲಿ ಹೋಗುವವನು ಅವನು. ಅದೇ ಬಾವಿ, ಅದೇ ಬಕೆಟ್ಟಿನ ಜೊತೆ ಉಳಿದವಳು ಬೆಳೆಯುತ್ತಾಳೆ. ಕೆಲಸದ ಜೊತೆ ಸೇರಿಕೊಂಡಿದ್ದ ಪ್ರೀತಿ ಕಳಚಿ, ಬರಿಯ ಕೆಲಸ ಉಳಿದಾಗ ಅವಳು ದೊಡ್ಡವಳಾದಳು.

ರಾಯ್ ನಂದಲಾಲನಿಗೆ ದೋಣಿಯನ್ನಾಗಲಿ ತತ್ವಜ್ಞಾನವನ್ನಾಗಲಿ ಕೊಡುವುದಿಲ್ಲ. ಕೊಡಲಾಗದ ಕಾಸು ಅವನಲ್ಲೇ ಉಳಿಯುತ್ತದೆ. ಆ ಹಿತ್ತಲಿನ ಬಾಗಿಲಲ್ಲಿ ನಾನೂ ಹಾಗೇ ನಿಂತಿದ್ದೆ.