ಎಳೆಗಿಂತ ಹುರಿ ಮುಖ್ಯ

ನೂಲ ಹುಣ್ಣಿಮೆ ಹತ್ತಿರವಾದಂತೆ ಪೇಟೆಯ ಅಂಗಡಿಗಳಲ್ಲಿ ಗಿರಣಿ ದಾರದ ಜನಿವಾರದ ಕಟ್ಟುಗಳು ತೂಗತೊಡಗುತ್ತವೆ. ಆದರೂ ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳ್ಳಿಮನೆಗಳಲ್ಲಿ ತಕಲಿ ಹಿಡಿದು ತಾವೇ ಜನಿವಾರ ಮಾಡಿಕೊಳ್ಳುವ ಹಿರಿಯರು ಇನ್ನೂ ಇದ್ದಾರೆ. ಅದನ್ನು ಕೈಗೆತ್ತಿಕೊಂಡವರು ಎಳೆ ಎಷ್ಟು ಸಣ್ಣಗಿದೆ ಎಂದು ಹೊಗಳುತ್ತಾರೆ. ನನ್ನ ಕಣ್ಣು ಹೋಗುವುದು ಹುರಿಯ ಮೇಲೆ. ಸಣ್ಣಗೆ ನೂಲುವವರು ಸಿಗುತ್ತಾರೆ, ಹುರಿ ಹಾಕಬಲ್ಲವರು ಅಪರೂಪ.

ಜನಿವಾರದಲ್ಲಿ ಒಂಬತ್ತು ಎಳೆ. ಮೂರೆಳೆ ಸೇರಿಸಿ ಒಂದು ಹುರಿ. ಅಂಥ ಮೂರನ್ನು ಸೇರಿಸಿ ಮತ್ತೊಂದು. ನಾಲ್ಕು ಬೆರಳಿಗೆ 96 ಸುತ್ತು ಎಂಬುದು ಅದರ ಅಳತೆ. ಮೊದಲ ಹುರಿ ಮೇಲ್ಮುಖ, ಎರಡನೆಯದು ಕೆಳಮುಖ ಎಂದು ಸ್ಮೃತಿಗಳು ವಿಧಿಸಿವೆ. ನೂಲಿನ ಗುಣವೂ ಅದನ್ನೇ ಕೇಳುತ್ತದೆ. ಬಲಕ್ಕೆ ತಿರುಗಿಸಿ ನೂತ ಎಳೆಗಳನ್ನು ಎಡಕ್ಕೆ ಹುರಿ ಮಾಡಿದರೆ ಅವು ಒಂದನ್ನೊಂದು ಹಿಡಿದು ನಿಲ್ಲುತ್ತವೆ. ಅದೇ ದಿಕ್ಕಿಗೆ ತಿರುಗಿಸಿದರೆ ನೂಲು ಮುದುರಿ ಸಿಕ್ಕಾಗುತ್ತದೆ.

ಕೈ ಸೋಲುವುದು ಎರಡನೆಯ ಹುರಿಯಲ್ಲಿ. ಅಲ್ಲಿ ತಕಲಿ ಮತ್ತೆ ಬಲಕ್ಕೆ ತಿರುಗಬೇಕು. ತಿರುಗುತ್ತ ತಿರುಗುತ್ತ ಅದು ಮೊದಲ ಹುರಿಯನ್ನು ಒಂದಿಷ್ಟು ಬಿಚ್ಚುತ್ತದೆ. ಆದ್ದರಿಂದ ಮೂರೆಳೆಯ ಹುರಿಯನ್ನು ಬೇಕಾದುದಕ್ಕಿಂತ ಗಟ್ಟಿಯಾಗಿಯೇ ಹಾಕಿಕೊಂಡಿರಬೇಕು. ಕೈ ಸಡಿಲಿಸಿದರೆ ಮುರುಟುವಷ್ಟು ಬಿಗಿ ಇದ್ದರೂ ಸರಿ, ಒಂಬತ್ತೆಳೆಯಾದಾಗ ತಾನೇ ಹದಕ್ಕೆ ಬರುತ್ತದೆ. ಈ ಹೆಚ್ಚಿನ ಬಿಗಿ ಇಲ್ಲದ ಜನಿವಾರ ನಾಲ್ಕು ಸಲ ನೀರು ಕಂಡರೆ ಸಾಕು, ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಬ್ರಹ್ಮಗಂಟೂ ಕೂರುವುದಿಲ್ಲ.

ಇನ್ನೊಂದು ಸಂಗತಿ, ಮೂರೂ ಎಳೆಗಳ ಎಳೆತ ಒಂದೇ ಸಮ ಇರಬೇಕು. ಒಂದು ಸಡಿಲವಾದರೆ ಅದು ಉಳಿದೆರಡರ ಮೇಲೆ ಬಳ್ಳಿ ಹಬ್ಬಿದಂತೆ ಸುತ್ತಿಕೊಳ್ಳುತ್ತದೆ, ಭಾರವೆಲ್ಲ ಆ ಎರಡರ ಮೇಲೆ. ಎಳೆಗಳನ್ನು ಬೇರೆ ಬೇರೆ ಉಂಡೆ ಸುತ್ತಿ, ಒಂದೊಂದನ್ನು ಒಂದೊಂದು ಬಟ್ಟಲಲ್ಲಿಟ್ಟು, ಬೆರಳ ಸಂದಿಗಳಲ್ಲಿ ಬಿಡಿಬಿಡಿಯಾಗಿ ಹಾಯಿಸಿಕೊಳ್ಳಿ. ಹುರಿ ಸರಿಯಾಗಿದೆಯೇ ಎಂದು ನೋಡಲು ಕೊನೆಗೆ ಒಂದು ಮೊಳ ಒದ್ದೆ ಮಾಡಿ ಕುಣಿಕೆಯಂತೆ ಇಳಿಬಿಡಿ. ತನ್ನಷ್ಟಕ್ಕೆ ತಾನು ಸುಮ್ಮನೆ ತೂಗಿದರೆ ಗೆದ್ದಿರಿ. ಒಣ ನೂಲನ್ನು ನಂಬಬೇಡಿ. ಒಂದೆರಡು ದಿನ ಸುತ್ತಿಟ್ಟ ನೂಲಿನಲ್ಲಿ ಹುರಿ ಅಡಗಿ ಕೂತಿರುತ್ತದೆ, ನೀರು ಬಿದ್ದಾಗಲೇ ಅದು ಏಳುವುದು.

ಮಲೆನಾಡಿನ ಮಳೆಗಾಲ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ತೇವದ ಗಾಳಿಯಲ್ಲಿ ಹತ್ತಿಯ ಎಳೆ ಸುಲಭಕ್ಕೆ ತುಂಡಾಗುವುದಿಲ್ಲ. ಹತ್ತಿಯನ್ನು ಮಾತ್ರ ಬೆಚ್ಚಗಿನ ಅಟ್ಟದಲ್ಲಿಟ್ಟು ಒಣಗಿಸಿಕೊಂಡೇ ಹಂಜಿ ಮಾಡಬೇಕು.

ರಂಗಕರ್ಮಿ ಪ್ರಸನ್ನ ಅವರು ಕಟ್ಟಿದ ಭೀಮನಕೋಣೆಯ ‘ಚರಕ’ ಸಂಸ್ಥೆಯಿಂದಾಗಿ ನಮ್ಮ ಸೀಮೆಯ ಕೈಮಗ್ಗದ ಬಟ್ಟೆ, ಅಡಿಕೆ ಚೊಗರಿನ ಬಣ್ಣ ನಾಡಿಗೆಲ್ಲ ಗೊತ್ತಾಯಿತು. ಕೈನೂಲಿಗೆ, ಅದರಲ್ಲೂ ಹುರಿಯ ಈ ವಿದ್ಯೆಗೆ, ಅಂಥ ಗಮನ ಇನ್ನೂ ಸಿಕ್ಕಿಲ್ಲ. ಜನಿವಾರ ಹಾಕದವರಿಗೂ ಒದಗುವ ವಿದ್ಯೆ ಇದು. ಹೊಲಿಗೆಯ ದಾರಕ್ಕೂ ಹೂ ಕಟ್ಟುವ ದಾರಕ್ಕೂ ಇದೇ ಲೆಕ್ಕ. ಮನೆಯಲ್ಲಿ ತಕಲಿ ಬಲ್ಲ ಅಜ್ಜ ಇದ್ದರೆ ಈ ಆಷಾಢದಲ್ಲೇ ಪಕ್ಕಕ್ಕೆ ಕೂತು ಕಲಿತುಕೊಳ್ಳಿ.