ರಘುವಂಶದಲ್ಲಿ ವಾರ್ಧಕದ ನೆಲೆ

ಸಂಸ್ಕೃತ ಪಾಠಶಾಲೆಗಳಲ್ಲಿ ಓದಿದವರಿಗೆ ರಘುವಂಶವು ಬಹುಮಟ್ಟಿಗೆ ಮೊದಲನೆಯ ಕಾವ್ಯ. ಮೀಸೆ ಮೂಡುವ ಮುನ್ನವೇ ಅದು ಕೈಗೆ ಬರುತ್ತದೆ. ಎರಡನೆಯ ಸರ್ಗದ ಧೇನುಸೇವೆ, ನಾಲ್ಕನೆಯದರ ದಿಗ್ವಿಜಯ, ಆರನೆಯದರ ಸ್ವಯಂವರ, ಎಂಟನೆಯದರ ಅಜವಿಲಾಪ ಇವುಗಳನ್ನು ಕಂಠಪಾಠ ಮಾಡಿ, ಅನ್ವಯ ವಿಗ್ರಹಗಳನ್ನೊಪ್ಪಿಸಿ, ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಪುಸ್ತಕವನ್ನು ಮುಚ್ಚಿಬಿಡುತ್ತೇವೆ. ಎಂಟನೆಯ ಸರ್ಗದ ಆದಿಯಲ್ಲಿ, ಇಂದುಮತಿಯ ಪ್ರಸ್ತಾಪಕ್ಕೆ ಮೊದಲು, ಸುಮಾರು ೨೫ ಶ್ಲೋಕಗಳಿರುವುವು. ವಿಲಾಪದ ಅವಸರದಲ್ಲಿರುವ ಉಪಾಧ್ಯಾಯರೂ ಶಿಷ್ಯರೂ ಅವನ್ನು ಬೇಗಬೇಗನೆ ದಾಟುವುದು ವಾಡಿಕೆ. ಮುದುಕನಾದ ರಘುವು ಎಲ್ಲಿ ವಾಸಮಾಡಿದನೆಂಬುದೇ ಅಲ್ಲಿಯ ವಿಷಯ. ಹದಿನಾರರ ಹುಡುಗನಿಗೆ ಅದರಲ್ಲೇನು ಸ್ವಾರಸ್ಯ? ಅರುವತ್ತು ದಾಟಿದವನಿಗಾದರೋ ಇಡೀ ಕಾವ್ಯದಲ್ಲಿ ಅಷ್ಟು ಹತ್ತಿರವಾದ ಭಾಗವು ಮತ್ತೊಂದಿಲ್ಲ.

ಉದ್ಯೋಗದಿಂದ ವಿಶ್ರಾಂತರಾದವರು ನಾಲ್ಕು ಮಂದಿ ಕಲೆತಲ್ಲಿ ಈಗ ಕೇಳಿಬರುವ ಮಾತು ಒಂದೇ: ಇನ್ನು ಎಲ್ಲಿರುವುದು? ಮಗನು ಬೆಂಗಳೂರಿನಲ್ಲಿ, ಅಥವಾ ಅದಕ್ಕೂ ಆಚೆ, ಕಡಲಾಚೆ. ಹಳ್ಳಿಯ ಮನೆಯ ಹೆಂಚು ಜರಿದಿದೆ. ದಾಯಾದಿಗಳ ಭಾಗವು ಇನ್ನೂ ತೀರ್ಮಾನವಾಗಿಲ್ಲ. ಪಿಂಚಣಿದಾರರ ಸ್ವರ್ಗವೆಂದು ಒಂದು ಕಾಲಕ್ಕೆ ಹೆಸರಾಗಿದ್ದ ಬೆಂಗಳೂರಿನಲ್ಲಿ ಈಗ ಮುದುಕನು ರಸ್ತೆಯನ್ನು ದಾಟುವುದೇ ಒಂದು ಸಾಹಸ. ಮೈಸೂರೋ, ಉಡುಪಿಯೋ, ಹುಟ್ಟೂರೋ? ನೀರು, ವೈದ್ಯರು, ನಿವೇಶನದ ಬೆಲೆ, ಬಸ್ಸಿನ ಅನುಕೂಲ ಇವೆಲ್ಲ ಚರ್ಚೆಗೆ ಬರುತ್ತವೆ, ಬರತಕ್ಕುವೇ. ಆದರೆ ಊರು ಯಾವುದೆಂಬ ಪ್ರಶ್ನೆಯ ಒಳಗೆ ಅಡಗಿರುವ ಇನ್ನೊಂದು ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವವರು ವಿರಳ. ಮಗನಿಂದ ಎಷ್ಟು ದೂರದಲ್ಲಿರಬೇಕು? ಕಾಳಿದಾಸನು ಇದನ್ನೇ ವಿಚಾರಿಸಿದ್ದಾನೆಂಬುದು ಈ ಲೇಖನದ ಪ್ರಮೇಯ.

ರಘುಕುಲದ ಅರಸರು ವಾರ್ಧಕದಲ್ಲಿ ಮುನಿವೃತ್ತಿಯನ್ನು ಕೈಗೊಳ್ಳುವರೆಂದು ಕವಿಯು ಮೊದಲನೆಯ ಸರ್ಗದಲ್ಲಿಯೇ ಹೇಳಿಬಿಡುತ್ತಾನೆ. ಅಷ್ಟನ್ನೇ ಓದಿದವರು, ಎಲ್ಲರೂ ಕಾಲ ಬಂದೊಡನೆ ನಾರುಮಡಿಯುಟ್ಟು ಕಾಡಿಗೆ ನಡೆದರೆಂದು ಭಾವಿಸುತ್ತಾರೆ. ನೆರೆ ಸುಕ್ಕುಗಳನ್ನೂ ಮಗನ ಮಗನನ್ನೂ ಕಂಡ ಗೃಹಸ್ಥನು ಅರಣ್ಯವನ್ನಾಶ್ರಯಿಸಬೇಕೆಂಬ ಮನುವಿನ ವಿಧಿಯೂ ಇದಕ್ಕೆ ಒತ್ತಾಸೆಯಾಗುತ್ತದೆ. (ವಾನಪ್ರಸ್ಥವು ಕಲಿವರ್ಜ್ಯಗಳಲ್ಲಿ ಸೇರಿದೆಯೆಂದು ಪುರಾಣವಚನವಿರುವುದರಿಂದ ನಮ್ಮ ಕಾಲದವರಿಗೆ ಆ ತೊಂದರೆಯಿಲ್ಲವೆಂದು ಪಂಡಿತರು ನಗೆಯಾಡುವುದುಂಟು.) ಆದರೆ ಕಾವ್ಯವನ್ನು ಸರ್ಗಸರ್ಗವಾಗಿ ನೋಡಿದರೆ ಒಬ್ಬರಂತೆ ಮತ್ತೊಬ್ಬರಿಲ್ಲ. ಮೂರನೆಯ ಸರ್ಗದ ಕೊನೆಯಲ್ಲಿ ದಿಲೀಪನು ಪತ್ನಿಯಾದ ಸುದಕ್ಷಿಣೆಯೊಡನೆ ತಪೋವನದ ಮರಗಳ ನೆಳಲನ್ನು ಸೇರುತ್ತಾನೆ. ಅಜನು ಗಂಗಾ ಸರಯೂ ಸಂಗಮದಲ್ಲಿ ದೇಹವನ್ನು ಬಿಡುತ್ತಾನೆ. ಕಡೆಯ ಸರ್ಗದ ಸುದರ್ಶನನು ನೈಮಿಷಕ್ಕೆ ಹೋಗುತ್ತಾನೆ. ವಂಶಕ್ಕೆ ಹೆಸರನ್ನು ಕೊಟ್ಟ ರಘುವೊಬ್ಬನು ಮಾತ್ರ ಕಾಡಿಗೆ ಹೋಗಲೇ ಇಲ್ಲ.

ಅವನೂ ಹೊರಟವನೇ. ಆದರೆ ಅಜನು ಕಿರೀಟದ ತಲೆಯನ್ನು ತಂದೆಯ ಪಾದಗಳ ಮೇಲಿಟ್ಟು, ನನ್ನನ್ನು ಬಿಟ್ಟು ಹೋಗಬೇಡವೆಂದು ಬೇಡಿದನು. ಪುತ್ರವತ್ಸಲನಾದ ರಘುವು ಕಣ್ಣೀರಿಡುತ್ತಿದ್ದ ಮಗನ ಮಾತನ್ನು ನಡೆಸಿಕೊಟ್ಟನು. ಹಾಗೆಂದು ಅರಮನೆಗೆ ಹಿಂದಿರುಗಲಿಲ್ಲ. ಅಂತ್ಯಾಶ್ರಮವನ್ನು ಸ್ವೀಕರಿಸಿ ಪುರದ ಹೊರಗಡೆ ಒಂದು ಆವಾಸದಲ್ಲಿ ನಿಂತನು. ಎಷ್ಟು ಹೊರಗೆಂದು ಕವಿಯು ಹರಿದಾರಿಯ ಲೆಕ್ಕವನ್ನು ಕೊಟ್ಟಿಲ್ಲ, ಬೇಡವೂ ಬೇಡ. ಮಗನ ಬೇಡಿಕೆ ಸಲ್ಲುವಷ್ಟು ಹತ್ತಿರ. ಮಗನ ಆಸ್ಥಾನದ ಸದ್ದು ಜಪವನ್ನು ಕೆಡಿಸದಷ್ಟು ದೂರ.

ಇದನ್ನು ರಘುವಿನ ವೈರಾಗ್ಯದ ಕೊರತೆಯೆಂದು ಎಣಿಸುವವರಿದ್ದಾರೆ. ಮೋಹವು ಪೂರ್ತಿ ಬಿಡಲಿಲ್ಲ, ಕಾಡಿಗೂ ಹೋಗದೆ ಮನೆಗೂ ಬಾರದೆ ನಡುವೆ ನಿಂತನು ಎಂಬುದು ಅವರ ಆಕ್ಷೇಪ. ಕಾವ್ಯದ ಬಂಧವೇ ಈ ಆಕ್ಷೇಪಕ್ಕೆ ಉತ್ತರ ಹೇಳುವಂತಿದೆ. ರಘುವು ಹೊರಮನೆಯಲ್ಲಿ ನೆಲಸಿದ ಕೂಡಲೆ ಕವಿಯು ಆ ಕುಲವನ್ನು ಚಂದ್ರನು ಅಡಗುತ್ತ ಸೂರ್ಯನು ಉದಯಿಸಿದ ಆಕಾಶಕ್ಕೆ ಹೋಲಿಸುತ್ತಾನೆ. ಆ ಮೇಲೆ ಶ್ಲೋಕಶ್ಲೋಕದಲ್ಲಿಯೂ ತಂದೆಮಕ್ಕಳನ್ನು ಜೊತೆಜೊತೆಯಾಗಿ ವರ್ಣಿಸುತ್ತಾ ಹೋಗುತ್ತಾನೆ. ಒಬ್ಬನು ನೀತಿಜ್ಞರಾದ ಮಂತ್ರಿಗಳೊಡನೆ ಕೂಡಿದನು, ಮತ್ತೊಬ್ಬನು ಯೋಗಿಗಳೊಡನೆ. ಒಬ್ಬನು ಪ್ರಜೆಗಳ ನ್ಯಾಯವನ್ನು ನೋಡುವುದಕ್ಕೆ ಧರ್ಮಾಸನವನ್ನೇರಿದನು, ಮತ್ತೊಬ್ಬನು ಧಾರಣೆಯನ್ನು ಅಭ್ಯಾಸಮಾಡುವುದಕ್ಕೆ ದರ್ಭಾಸನವನ್ನು. ಒಬ್ಬನು ನೆರೆಯ ಅರಸರನ್ನು ವಶಪಡಿಸಿಕೊಂಡನು, ಮತ್ತೊಬ್ಬನು ದೇಹದ ಪಂಚವಾಯುಗಳನ್ನು. ಹೀಗೆಯೇ ಇನ್ನೂ ಹಲವು. ಇದನ್ನು ಬರಿಯ ಅಲಂಕಾರಚಾತುರ್ಯವೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತಾ ಬಂದಿದ್ದೇವೆ. ಸ್ವಲ್ಪ ನಿಂತು ನೋಡಿದರೆ ಬೇರೆಯಾಗಿ ತೋರುತ್ತದೆ. ಶ್ಲೋಕವು ಒಂದೇ, ಅದರೊಳಗೆ ತಂದೆಯ ಅರ್ಧ ಬೇರೆ, ಮಗನ ಅರ್ಧ ಬೇರೆ. ಒಬ್ಬನ ಕ್ರಿಯೆಯು ಮತ್ತೊಬ್ಬನ ಅರ್ಧದೊಳಗೆ ಕಾಲಿಡುವುದಿಲ್ಲ. ಪುರದ ಹೊರಗಣ ಮನೆ ಎಂಬುದನ್ನು ಕವಿಯು ವರ್ಣಿಸಲಿಲ್ಲ, ಪದ್ಯದ ಕಟ್ಟಿನಲ್ಲಿಯೇ ಕಟ್ಟಿ ತೋರಿಸಿದನು. ನಡುವೆ ನಿಂತವನ ಸ್ಥಿತಿಯನ್ನು ಕವಿಯು ದೋಷವೆಂದು ಬಗೆದಿದ್ದರೆ ಇಂಥ ಸಮತೂಕವನ್ನು ಇಷ್ಟು ದೂರ ನಡೆಸುತ್ತಿದ್ದನೇ?

ಈ ಏರ್ಪಾಡು ನಿಲ್ಲುವುದಕ್ಕೆ ಒಂದು ಕಟ್ಟುಪಾಡುಂಟು. ನಮ್ಮವರು ಎಡವುವುದು ಅಲ್ಲಿಯೇ. ಹಾವು ತಾನು ಕಳಚಿದ ಪೊರೆಯನ್ನು ಮತ್ತೆ ಹೊದೆಯದಂತೆ, ರಘುವು ಮಗನಿಗೆ ಕೊಟ್ಟ ಸಂಪತ್ತನ್ನು ಮರಳಿ ಮುಟ್ಟಲಿಲ್ಲ. ಆದರೂ ಆ ರಾಜ್ಯಲಕ್ಷ್ಮಿಯು ಅವನ ಸೇವೆಯನ್ನು ಬಿಡಲಿಲ್ಲ. ಯಾರಂತೆ ಸೇವಿಸಿದಳೆಂದರೆ, ಸೊಸೆಯಂತೆ! ಈಗ ಅವಳು ಮಗನಿಗೆ ಸೇರಿದವಳು. ಮಾವನಿಗೆ ಅವಳಿಂದ ಬರುವುದು ಉಪಚಾರ, ಅಧಿಕಾರವಲ್ಲ. ಸಂಪತ್ತನ್ನು ಹೆಂಡತಿಗೆ ಹೋಲಿಸಿದ ಕವಿಗಳು ಬಹಳ ಮಂದಿ. ಅದೇ ಸಂಪತ್ತು ಒಂದು ದಿನ ಸೊಸೆಯಾಗುವುದೆಂದು ಕಂಡವನ ಕಣ್ಣು ಎಂಥದು! ನಮ್ಮ ಮನೆಗಳಲ್ಲಿ ಆಸ್ತಿಪತ್ರವನ್ನು ಮಗನ ಹೆಸರಿಗೆ ಮಾಡಿ, ಬೀಗದ ಕೈಯನ್ನು ಮಾತ್ರ ಸೊಂಟದಲ್ಲಿ ಸಿಕ್ಕಿಸಿಕೊಂಡಿರುವ ಹಿರಿಯರು ಎಷ್ಟಿಲ್ಲ? ಇನ್ನು, ಎಲ್ಲವನ್ನೂ ಕೊಟ್ಟು ಬೀದಿಪಾಲಾದವರೂ ಇದ್ದಾರೆ. ೨೦೦೭ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ಶಾಸನವಾಯಿತಷ್ಟೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಸ್ವತ್ತನ್ನು, ಆ ಷರತ್ತು ನಡೆಯದಿದ್ದಲ್ಲಿ, ನ್ಯಾಯಮಂಡಲಿಯ ಮೂಲಕ ರದ್ದುಪಡಿಸಿಕೊಳ್ಳಲು ಅದರಲ್ಲಿ ಎಡೆಯಿದೆ. ಕಳಚಿದ ಪೊರೆಯನ್ನು ಮರಳಿ ಪಡೆಯುವ ದಾರಿಯನ್ನು ಕಾನೂನು ಹೇಳಿಕೊಡಬೇಕಾಗಿ ಬಂದ ಕಾಲವಿದು. ಅಂಥ ಶಾಸನವು ಬೇಕೇ ಬೇಕು. ಅಜನಂಥ ಮಕ್ಕಳು ಎಲ್ಲರಿಗೂ ಹುಟ್ಟುವುದಿಲ್ಲ.

ಒಂದೇ ಸೂರಿನಡಿಯಲ್ಲಿ ಕಡೆಯವರೆಗೂ ಇದ್ದುಬಿಡುವೆನೆಂಬವರು ಮಹಾಭಾರತದ ಆಶ್ರಮವಾಸಿಕ ಪರ್ವವನ್ನು ಓದತಕ್ಕದ್ದು. ಕನ್ನಡ ವಾಚಕರಿಗೆ ಈ ಪರ್ವದ ಪರಿಚಯ ಕಡಿಮೆ. ಕುಮಾರವ್ಯಾಸನು ಗದಾಪರ್ವಕ್ಕೆ ನಿಲ್ಲಿಸಿದ್ದರಿಂದ, ಉಳಿದುದನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣಕವಿಯು ಪೂರೈಸಿದ್ದರೂ, ಗಮಕಿಗಳು ಅಲ್ಲಿಯವರೆಗೆ ಹೋಗುವುದು ಅಪರೂಪ. ಧೃತರಾಷ್ಟ್ರನು ಯುಧಿಷ್ಠಿರನ ಮನೆಯಲ್ಲಿ ೧೫ ವರ್ಷವಿದ್ದನು. ಯುಧಿಷ್ಠಿರನ ಉಪಚಾರದಲ್ಲಿ ಲೋಪವಿರಲಿಲ್ಲ. ಆದರೆ ಭೀಮನು ಮುದುಕನ ಕಿವಿಗೆ ಬೀಳುವಂತೆ ತೋಳು ತಟ್ಟಿ, ನಿನ್ನ ಮಕ್ಕಳನ್ನು ಕೊಂದ ತೋಳುಗಳಿವು ಎಂದು ಆಡುತ್ತಿದ್ದನು. ಅರಮನೆಯಲ್ಲಿದ್ದುಕೊಂಡೇ ಅವನು ಗುಟ್ಟಾಗಿ ಊಟ ಬಿಟ್ಟು ನೆಲದ ಮೇಲೆ ಮಲಗುತ್ತಿದ್ದುದು ಗಾಂಧಾರಿಯೊಬ್ಬಳಿಗೆ ಗೊತ್ತು. ಮಗನ ಮನೆಯ ಅನ್ನವು ಎಷ್ಟು ರುಚಿಯಾಗಿದ್ದರೂ ಒಂದು ಮಾತಿನಿಂದ ಗಂಟಲಲ್ಲಿ ನಿಲ್ಲುತ್ತದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನವು ಬೇಡ. ಕೊನೆಗೆ ಅವನು ವನಕ್ಕೆ ಹೊರಟಾಗ ಕುಂತಿಯೂ ಹೊರಟಳಲ್ಲ! ಮಕ್ಕಳು ಎಷ್ಟು ಬೇಡಿದರೂ ನಿಲ್ಲಲಿಲ್ಲ. ನಿಮ್ಮನ್ನು ಯುದ್ಧಕ್ಕೆ ಹುರಿದುಂಬಿಸಿದ್ದು ನಾನು ರಾಜ್ಯಸುಖವನ್ನು ಉಣ್ಣಲೆಂದಲ್ಲ ಎಂದಳು. ಎಲ್ಲಿರಬೇಕೆಂಬುದನ್ನು ಹೆಂಗಸೊಬ್ಬಳು ತಾನಾಗಿ ನಿರ್ಧರಿಸಿದ ಚಿತ್ರವು ಇಷ್ಟು ದೃಢವಾಗಿ ನಮ್ಮ ಕಾವ್ಯಗಳಲ್ಲಿ ಬೇರೆ ಕಡೆ ಕಾಣಲಾರೆವು.

ಈ ಒಂದು ವಿಷಯದಲ್ಲಿ ಕಾಳಿದಾಸನ ಮೇಲೆ ನನಗೆ ಆಕ್ಷೇಪವಿದೆ. ಸುದಕ್ಷಿಣೆಯನ್ನು ಗಂಡನೊಡನೆ ಕಳುಹಿಸಿದ ಕವಿಯು, ಪುರದ ಹೊರಗಣ ಮನೆಯಲ್ಲಿ ಅಜನ ತಾಯಿಯಿದ್ದಳೋ ಅಂತಃಪುರದಲ್ಲಿಯೇ ಉಳಿದಳೋ ಎಂಬುದನ್ನು ಹೇಳುವುದಿಲ್ಲ. ಸಂನ್ಯಾಸಿಯ ಪ್ರಸಂಗದಲ್ಲಿ ಪತ್ನಿಯ ಮಾತೆಲ್ಲಿಯದೆಂದು ವ್ಯಾಖ್ಯಾನಕಾರರ ಪರವಾಗಿ ಯಾರಾದರೂ ಸಮಾಧಾನ ಹೇಳಬಹುದು. ನನಗೆ ಅದು ಸಾಲದು. ಇಂದಿನ ಮನೆಗಳಲ್ಲಿ ಕಠಿನವಾದ ಗಂಟು ಇದೇ ಆಗಿದೆ. ಮೊಮ್ಮಗುವಿನ ಬಾಣಂತನಕ್ಕೆಂದು ತಾಯಿಯು ನಗರಕ್ಕೆ ಹೋಗುತ್ತಾಳೆ. ಮೂರು ತಿಂಗಳು ಮೂರು ವರ್ಷವಾಗುತ್ತದೆ. ತಂದೆಯು ಊರಿನ ಮನೆಯಲ್ಲಿ ಒಲೆ ಹಚ್ಚಿಕೊಂಡು ದೀಪ ಹಾಕಿಕೊಂಡು ಕಾದಿರುತ್ತಾನೆ. ಇಬ್ಬರು ಮಕ್ಕಳಿದ್ದರೆ ತಂದೆ ಒಬ್ಬನ ಪಾಲಿಗೆ, ತಾಯಿ ಮತ್ತೊಬ್ಬನ ಪಾಲಿಗೆ. ಇಂಥ ಅಗಲಿಕೆಯನ್ನು ಹಾಡಿದ ಮೇಘಸಂದೇಶವು ಇನ್ನೂ ಹುಟ್ಟಿಲ್ಲ.

ಹಾಗಾದರೆ ದೂರ ಹೋದವನ ಗತಿಯೇನು? ನೈಮಿಷದ ಸುದರ್ಶನನನ್ನು ನೋಡಿರಿ. ಅವನು ಅಲ್ಲಿ ತೀರ್ಥದ ನೀರಿನಿಂದ ಅರಮನೆಯ ಕೊಳಗಳನ್ನು ಮರೆತನು; ದರ್ಭೆ ಹರಡಿದ ನೆಲದಿಂದ ಹಂಸತೂಲಿಕೆಯನ್ನು ಮರೆತನು; ಎಲೆಮನೆಯಿಂದ ಉಪ್ಪರಿಗೆಯನ್ನು ಮರೆತನು. ವಾಸಸ್ಥಳವು ಒಪ್ಪಿತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಯಾವುದು! ಸ್ಥಳದ ಆಯ್ಕೆಯ ದೃಷ್ಟಿಯಿಂದ ಅವನು ರಘುವಿಗಿಂತ ಗಟ್ಟಿಗನೆಂದೇ ಹೇಳಬೇಕು. ಆದರೆ ಇದು ಆ ಸರ್ಗದ ಮೊದಲ ಮಾತು ಮಾತ್ರ. ಮುಂದಿನದೆಲ್ಲ ಅವನ ಮಗ ಅಗ್ನಿವರ್ಣನ ಕಥೆ. ಪ್ರಜೆಗಳಿಗೆ ಮುಖವನ್ನೂ ತೋರಿಸದೆ ವಿಷಯಸುಖದಲ್ಲಿ ಕೊಳೆತು, ಕ್ಷಯರೋಗದಿಂದ ಸತ್ತನು. ತಂದೆ ಹತ್ತಿರವಿದ್ದಿದ್ದರೆ ಹೀಗಾಗುತ್ತಿರಲಿಲ್ಲವೆಂದು ಕವಿಯು ಹೇಳಿಲ್ಲ; ನಾನೂ ಹೇಳಲಾರೆ. ಆದರೂ ತಂದೆಯ ಪ್ರಶಾಂತಿಯನ್ನೂ ಮಗನ ಪತನವನ್ನೂ ಒಂದೇ ಸರ್ಗದಲ್ಲಿ ಅಂಟಿಸಿಟ್ಟವನು ಕಾಳಿದಾಸನು. ಅವನು ಸುಮ್ಮನೆ ಒಂದು ಪದವನ್ನೂ ಇಡುವವನಲ್ಲ.

ಹೊರಮನೆಯಲ್ಲಿ ರಘುವು ಮಗನ ಸಲುವಾಗಿ ಕೆಲವು ವರ್ಷಗಳನ್ನು ಕಳೆದು, ಯೋಗದಿಂದ ದೇಹವನ್ನು ಬಿಟ್ಟನು. ಇಲ್ಲಿ ಗಮನಿಸಬೇಕಾದುದೊಂದಿದೆ. ತಂದೆ ಹೋದುದನ್ನು ಅಜನು ಕಂಡನೆಂದಿಲ್ಲ, ಕೇಳಿದನೆಂದಿದೆ. ಅಷ್ಟು ಹತ್ತಿರವಿದ್ದೂ ಕೊನೆಯ ಗಳಿಗೆಯಲ್ಲಿ ಮಗನು ಬಳಿಯಿರಲಿಲ್ಲ. ಬಹುಕಾಲ ಅತ್ತನು. ಆ ಮೇಲೆ, ತಾನು ನಿತ್ಯಾಗ್ನಿಹೋತ್ರಿಯಾಗಿದ್ದರೂ, ತಂದೆಯ ದೇಹಕ್ಕೆ ಬೆಂಕಿಯಿಡದೆ, ಯತಿಗಳೊಡನೆ ನಿಂತು ಸಂನ್ಯಾಸಿಗೆ ತಕ್ಕ ವಿಧಿಯಿಂದ ಅಂತ್ಯಕರ್ಮವನ್ನು ನಡೆಸಿದನು.