ಮುಖವು ಸಾಕ್ಷಿಯಾಗಬಲ್ಲುದೆ? — ಒಂದು ಪತ್ತೇದಾರಿ ವಿಡಿಯೋ ಆಟದ ಪರಾಮರ್ಶೆ

ಅರುವತ್ತು ದಾಟಿದ ವರ್ತಕನೊಬ್ಬನು ವಿಡಿಯೋ ಆಟದ ವಿಮರ್ಶೆಗೆ ಕೈಹಾಕಿದನೆಂದರೆ ನಮ್ಮ ವಾಚಕರಲ್ಲಿ ಕೆಲವರಿಗೆ ನಗೆ ಬಂದೀತು. ಆದರೆ ಈ ಆಟಗಳು ಈಗ ನಮ್ಮ ಮನೆಗಳ ಒಳಗೇ ಇವೆ. ಮಕ್ಕಳು ಅವುಗಳ ಮುಂದೆ ಕಳೆಯುವ ಹೊತ್ತು ಕಡಿಮೆಯೇನಲ್ಲ. ಅವು ಏನನ್ನು ಕಲಿಸುತ್ತವೆಂಬುದನ್ನು ಆಡಿ ನೋಡದೆ ಖಂಡಿಸುವುದು ಖಾತೆ ತೆರೆಯದೆ ಬಾಕಿ ಹೇಳಿದಂತೆ. ಆದುದರಿಂದ ಕಳೆದ ದೀಪಾವಳಿಯಲ್ಲಿ ಪುಣೆಯಿಂದ ವಿಜಯಪುರಕ್ಕೆ ಬಂದ ಮೊಮ್ಮಗನ ಪಕ್ಕದಲ್ಲಿ ಕುಳಿತು, ಹನ್ನೊಂದು ರಾತ್ರಿಗಳಲ್ಲಿ ‘ಎಲ್.ಎ. ನ್ವಾರ್’ ಎಂಬ ಆಟವನ್ನು ಮೊದಲಿನಿಂದ ಕೊನೆಯವರೆಗೆ ಆಡಿದೆನು. ಗುಂಡಿ ಒತ್ತುವುದು ಹೆಚ್ಚಾಗಿ ಅವನ ಪಾಲು, ನಿರ್ಣಯ ಹೇಳುವುದು ನನ್ನ ಪಾಲು.

‘ನ್ವಾರ್’ ಎಂದರೆ ಫ್ರೆಂಚ್ ಭಾಷೆಯಲ್ಲಿ ಕಪ್ಪು. ಎರಡನೆಯ ಮಹಾಯುದ್ಧದ ಕಾಲದಲ್ಲಿಯೂ ಅನಂತರವೂ ಅಮೆರಿಕದಲ್ಲಿ ತಯಾರಾದ ನೆರಳು ತುಂಬಿದ ಅಪರಾಧ ಚಿತ್ರಗಳಿಗೆ ಫ್ರಾನ್ಸಿನ ವಿಮರ್ಶಕರು 1946ರಲ್ಲಿ ಈ ಹೆಸರನ್ನು ಬಳಸಿದರು. ಆಟದ ಕಥೆಯು ನಡೆಯುವುದು ಅದರ ಮರುವರ್ಷ, 1947ರ ಲಾಸ್ ಏಂಜಲೀಸ್ ನಗರದಲ್ಲಿ. ಸಿಡ್ನಿಯ ‘ಟೀಮ್ ಬಾಂಡಿ’ ಸಂಸ್ಥೆಯು ನಿರ್ಮಿಸಿದ ಈ ಕೃತಿಯನ್ನು ‘ರಾಕ್‌ಸ್ಟಾರ್ ಗೇಮ್ಸ್’ 2011ರ ಮೇ ತಿಂಗಳಿನಲ್ಲಿ ಪ್ರಕಟಿಸಿತು. 2017ರಲ್ಲಿ ಪರಿಷ್ಕೃತ ಆವೃತ್ತಿಯು ಬಂದಿತು. ನಾವು ಆಡಿದುದು ಅದನ್ನೇ. ಯುದ್ಧದಿಂದ ಮರಳಿದ ಕೋಲ್ ಫೆಲ್ಪ್ಸ್ ಎಂಬ ತರುಣನು ಪೊಲೀಸ್ ಪೇದೆಯಾಗಿ ಆರಂಭಿಸಿ ಪತ್ತೇದಾರನಾಗುತ್ತಾನೆ. ಆಟಗಾರನು ಅವನ ಕೈ, ಕಣ್ಣು, ನಾಲಗೆಯಾಗಬೇಕು. ನಮ್ಮ ಕಾಲೇಜಿನ ದಿನಗಳಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ದಿನಬಾಡಿಗೆಗೆ ತಂದು ಪಠ್ಯಪುಸ್ತಕದೊಳಗಿಟ್ಟು ಓದಿದವನು ನಾನು. ಅಲ್ಲಿ ಪತ್ತೇದಾರನು ಎಡವಿದರೆ ಓದುಗನಿಗೆ ಪಾಪವಿಲ್ಲ. ಇಲ್ಲಿ ಹಾಗಲ್ಲ. ಆರೋಪ ಹೊರಿಸುವವನು ಆಡುತ್ತಿರುವವನೇ.

ಕೊಲೆ, ಶವ, ಗುಂಡಿನ ಕಾಳಗಗಳು ಇದರಲ್ಲಿವೆ. ಹತಳಾದ ಸ್ತ್ರೀಯ ದೇಹವನ್ನು ಹತ್ತಿರದಿಂದ ತೋರಿಸುತ್ತಾರೆ. ಇದು ಪ್ರಾಯ ತುಂಬಿದವರಿಗಾಗಿ ಮಾಡಿದ್ದು, ಮಕ್ಕಳ ಕೈಗೆ ಕೊಡತಕ್ಕುದಲ್ಲ. ಅಷ್ಟು ಹೇಳಿ ಮುಂದುವರಿಯುತ್ತೇನೆ, ಏಕೆಂದರೆ ಹಿಂಸೆಯ ವಿಷಯದಲ್ಲಿ ನಮ್ಮವರಿಗೆ ಎಚ್ಚರಿಕೆ ಬೇಕಾಗಿಲ್ಲ. ನನ್ನ ಕಳವಳವು ಬೇರೆ.

ಈ ಆಟದ ವಿಶೇಷವೆಲ್ಲ ಮುಖದಲ್ಲಿದೆ. ನಟನ ತಲೆಯ ಸುತ್ತ 32 ಕ್ಯಾಮೆರಾಗಳನ್ನಿಟ್ಟು ಹುಬ್ಬಿನ ಗಂಟು, ತುಟಿಯ ಅದುರು, ಗಂಟಲಿನ ಚಲನೆಯನ್ನು ಸಹ ಸೆರೆಹಿಡಿದಿದ್ದಾರೆ. ಸಾಕ್ಷಿದಾರನು ಉತ್ತರ ಕೊಟ್ಟು ಸುಮ್ಮನಾಗುತ್ತಾನೆ. ಆಟಗಾರನು ಅವನ ಮುಖವನ್ನು ದಿಟ್ಟಿಸಿ ಮೂರು ಗುಂಡಿಗಳಲ್ಲಿ ಒಂದನ್ನು ಒತ್ತಬೇಕು. 2011ರ ಆವೃತ್ತಿಯಲ್ಲಿ ಆ ಗುಂಡಿಗಳ ಹೆಸರು ‘ಸತ್ಯ’, ‘ಸಂಶಯ’, ‘ಸುಳ್ಳು’. ‘ಸಂಶಯ’ವನ್ನು ಒತ್ತಿದೊಡನೆ ಸೌಮ್ಯನಾಗಿದ್ದ ಫೆಲ್ಪ್ಸ್ ವಿಧವೆಯೆಂದೂ ನೋಡದೆ ಗದರುವುದನ್ನು ಕಂಡು ಆಟಗಾರರು ಅಂದೇ ಗೊಣಗಿದ್ದರಂತೆ. 2017ರಲ್ಲಿ ಹೆಸರುಗಳನ್ನು ‘ಒಳ್ಳೆಯ ಪೊಲೀಸ್’, ‘ಕೆಟ್ಟ ಪೊಲೀಸ್’, ‘ಆರೋಪ’ ಎಂದು ಬದಲಾಯಿಸಿದರು. ಇದು ಬರಿಯ ಅನುಕೂಲದ ತಿದ್ದುಪಡಿಯೆಂದು ನನಗೆ ತೋರುವುದಿಲ್ಲ. ಮೊದಲಿನ ಹೆಸರುಗಳು ಉತ್ತರ ಕೊಟ್ಟವನ ಮಾತಿನ ಬೆಲೆ ಕಟ್ಟುತ್ತಿದ್ದವು. ಎರಡನೆಯವು ಪ್ರಶ್ನೆ ಕೇಳುವವನ ನಡತೆಯನ್ನು ಹೆಸರಿಸುತ್ತವೆ. ಎದುರಿನವನು ಸುಳ್ಳನೆಂದು ನಾನು ನುಡಿದಾಗ ನಿಜವಾಗಿ ಬಯಲಾದುದು ನನ್ನ ನಡತೆಯೇ ಎಂಬುದನ್ನು ಈ ತಿದ್ದುಪಡಿಯು ತಿಳಿದೋ ತಿಳಿಯದೆಯೋ ಒಪ್ಪಿಕೊಂಡಿದೆ.

ಆಟದ ಪರವಾಗಿ ಒಂದು ಮಾತನ್ನು ಹೇಳಲೇಬೇಕು. ‘ಆರೋಪ’ದ ಗುಂಡಿಯನ್ನು ಒತ್ತಿದರೆ ಟಿಪ್ಪಣಿ ಪುಸ್ತಕದಿಂದ ಪುರಾವೆಯನ್ನು ತೆಗೆದು ತೋರಿಸಬೇಕು, ಪುರಾವೆಯಿಲ್ಲವೆಂದು ಹೊಳೆದರೆ ಹಿಂದಕ್ಕೆ ಸರಿಯುವುದಕ್ಕೂ ಅವಕಾಶವುಂಟು. ಇದು ನ್ಯಾಯವಾದ ಏರ್ಪಾಡು. ಆದರೆ ‘ಕೆಟ್ಟ ಪೊಲೀಸ್’ ಆಗುವುದಕ್ಕೆ ಪುರಾವೆಯೇ ಬೇಡ. ಕಣ್ಣು ಅತ್ತಿತ್ತ ಹೊರಳಿದರೆ ಸಾಕು. ಹನ್ನೊಂದು ರಾತ್ರಿಗಳೂ ಮೊಮ್ಮಗನು ಒಂದೇ ಮಾತನ್ನು ಹೇಳುತ್ತಿದ್ದನು: “ಮುತ್ಯಾ, ಅವನ ಕಣ್ಣ ನೋಡ್ರಿ, ಸುಳ್ಳ ಹೇಳಾಕತ್ಯಾನ.” ಹೆಚ್ಚಿನ ಸಲ ಅವನೆಂದುದೇ ಸರಿಯಾಗುತ್ತಿತ್ತು. ಏಕೆಂದರೆ ಸುಳ್ಳು ಹೇಳುವಾಗ ಕಣ್ಣು ತಪ್ಪಿಸಿ ಎಂದು ನಟರಿಗೆ ನಟನೆಯನ್ನು ಕಟ್ಟಿಕೊಟ್ಟವರೂ, ಕಣ್ಣು ತಪ್ಪಿಸುವುದೇ ಸುಳ್ಳೆಂದು ಅಂಕ ಕೊಡುವವರೂ ಒಬ್ಬರೇ.

ಲೋಕದಲ್ಲಿ ಹಾಗಿಲ್ಲ. ಬಾಂಡ್ ಮತ್ತು ಡಿಪಾಲೊ ಎಂಬ ಮನಶ್ಶಾಸ್ತ್ರಜ್ಞರು ಅದುವರೆಗಿನ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ 2006ರಲ್ಲಿ ಕಂಡುಕೊಂಡುದೇನೆಂದರೆ, ಎದುರಿನವನು ಹೇಳುವುದು ನಿಜವೋ ಸುಳ್ಳೋ ಎಂದು ನೋಡಿ ಕೇಳಿ ತೀರ್ಮಾನಿಸುವವರು ಸರಿಯಾಗುವುದು ನೂರರಲ್ಲಿ ಸರಾಸರಿ 54 ಸಲ. ನಾಣ್ಯ ಚಿಮ್ಮಿದರೆ ಐವತ್ತು ಸಲ ಸರಿಯಾಗುತ್ತದೆ. ಉಳಿದ ನಾಲ್ಕಕ್ಕಾಗಿ ನಾವು ಎಷ್ಟು ಗರ್ವಪಡುತ್ತೇವೆ!

ಈ ಗರ್ವವು ನನಗೂ ಇದ್ದಿತು. ಒಣದ್ರಾಕ್ಷಿಯ ವ್ಯಾಪಾರದಲ್ಲಿ ಮುಖ ನೋಡಿಯೇ ಮಾಲನ್ನು ಹೇಳಬಲ್ಲೆನೆಂದು ಬೀಗುತ್ತಿದ್ದೆನು. ತಿಕೋಟಾದ ಕಡೆಯ ಬೆಳೆಗಾರನು ಮಾದರಿಯ ಪೊಟ್ಟಣವನ್ನು ಬಿಚ್ಚುವ ಮೊದಲೇ, ಡಬ್ಬಿಯ ತಳದಲ್ಲಿ ಕಪ್ಪು ಕಾಯಿ ಸೇರಿಸಿದ್ದಾನೆಯೋ ಇಲ್ಲವೋ ಅವನ ಕಣ್ಣಿನಲ್ಲಿಯೇ ಗೊತ್ತಾಗುತ್ತದೆಂಬ ನಂಬಿಕೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಅಂಗಡಿಯ ತಾಳೆಪಟ್ಟಿಯಲ್ಲಿ 3,600 ರೂಪಾಯಿಯ ವ್ಯತ್ಯಾಸವು ಬಂದಿತು. ಲೆಕ್ಕ ಬರೆಯುತ್ತಿದ್ದವನು ಬಬಲೇಶ್ವರದ ಕಡೆಯ ಒಬ್ಬ ತರುಣ ಗುಮಾಸ್ತ. ಕರೆದು ಕೇಳಿದೆನು. ಅವನು ಬೆವತನು, ನೆಲ ನೋಡಿದನು, ಅಂಗಿಯ ತುದಿಯನ್ನು ಹಿಂಡಿದನು. “ಸಾವ್ಕಾರ್ರ, ನಾ ಏನೂ ಮುಟ್ಟಿಲ್ರಿ” ಎಂದಷ್ಟೇ ಹೇಳಿದನು. ನಾಲ್ಕು ಜನ ಹಮಾಲರ ಎದುರಿಗೆ ನಾನು ಆಡಬಾರದ ಮಾತನ್ನು ಆಡಿದೆನು. ಮರುದಿನ ಅವನು ಕೆಲಸಕ್ಕೆ ಬರಲಿಲ್ಲ.

ಬಿ.ಕಾಂ. ಓದಿದ ಯಾವ ವಿದ್ಯಾರ್ಥಿಗೂ ತಿಳಿದಿರುವ ಸಂಗತಿಯೊಂದಿದೆ: ತಾಳೆಪಟ್ಟಿಯ ವ್ಯತ್ಯಾಸವು ಒಂಬತ್ತರಿಂದ ಶೇಷವಿಲ್ಲದೆ ಭಾಗವಾದರೆ, ಎಲ್ಲಿಯೋ ಎರಡು ಅಂಕಿಗಳು ಸ್ಥಾನಪಲ್ಲಟವಾಗಿರಬಹುದೆಂದು ಮೊದಲು ಹುಡುಕಬೇಕು. 3,600ನ್ನು ಒಂಬತ್ತರಿಂದ ಭಾಗಿಸಿದರೆ 400. ನಾಲ್ಕನೆಯ ದಿನ ಕಿರ್ದಿಯ 18,450 ಎಂಬುದು ಖಾತೆಯಲ್ಲಿ 14,850 ಎಂದು ಇಳಿದಿರುವುದು ಸಿಕ್ಕಿತು. ಅಕ್ಷರವು ಗುಮಾಸ್ತನದಾಗಿರಲಿಲ್ಲ. ಅವನು ರಜೆಯಲ್ಲಿದ್ದ ವಾರದಲ್ಲಿ ನಾನೇ ಬರೆದುದು. ಪುರಾವೆಯು ಮೂರು ದಿನ ನನ್ನ ಕೈಯೊಳಗೇ ಇದ್ದಿತು. ನಾನು ನೋಡಿದುದು ಮುಖವನ್ನು. ಬಬಲೇಶ್ವರಕ್ಕೆ ಹೋಗಿ ಕ್ಷಮೆ ಕೇಳಿದೆನು. ಅವನ ತಾಯಿ ಚಹಾ ಕೊಟ್ಟರು. ಅವನು ಮರಳಿ ಬರಲಿಲ್ಲ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಸುಳ್ಳು ಪತ್ರ ಸೃಷ್ಟಿಸುವ ಕೂಟಲೇಖಕ್ರಿಯೆಯ ಜೊತೆಗೆ ‘ಸಾಕಾರಮಂತ್ರಭೇದ’ವೆಂಬುದನ್ನೂ ಸೇರಿಸಿದ್ದಾರೆ. ಅಂಗವಿಕಾರ, ಹುಬ್ಬಿನ ಚಲನೆ ಮುಂತಾದವುಗಳಿಂದ ಪರರ ಮನಸ್ಸಿನ ಅಭಿಪ್ರಾಯವನ್ನು ತಿಳಿದು ಅಸೂಯೆ ಮೊದಲಾದ ಕಾರಣದಿಂದ ಬಯಲುಮಾಡುವುದೇ ಅದೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತಾರೆ. ಪ್ರವಚನಗಳಲ್ಲಿ ಈ ಪದವನ್ನು ಎಷ್ಟೋ ಸಲ ಕೇಳಿದ್ದೆನು. ಊಹೆಯು ನಿಜವಾಗಿದ್ದಾಗಲೇ ಅದು ಅತಿಚಾರವಾದರೆ, ಊಹೆಯೇ ತಪ್ಪಿದ್ದಾಗ ಅದನ್ನು ಏನೆಂದು ಕರೆಯಬೇಕು?

ಮುಖದಿಂದ, ದೇಹದಿಂದ ಸತ್ಯವನ್ನು ಹಿಂಡಿ ತೆಗೆಯುವ ಆಸೆಯು ಆಟದವರದು ಮಾತ್ರವೇ ಅಲ್ಲ. ಬೆಂಗಳೂರಿನಲ್ಲಿ ನಾರ್ಕೋ ಪರೀಕ್ಷೆಗಳು ಸುದ್ದಿಯಾಗಿದ್ದ ಕಾಲವನ್ನು ವಾಚಕರು ಮರೆತಿರಲಾರರು. ನಕಲಿ ಛಾಪಾಕಾಗದದ ಹಗರಣದ ತೆಲಗಿಗೂ ಅದು ನಡೆದಿತ್ತು. ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಎಂಬ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ಯಾರನ್ನೂ ನಾರ್ಕೋ, ಸುಳ್ಳುಪತ್ತೆ ಯಂತ್ರ, ಮಿದುಳಿನ ಪರೀಕ್ಷೆಗಳಿಗೆ ಒಳಪಡಿಸಕೂಡದೆಂದು ತೀರ್ಪಿತ್ತಿತು. ತನ್ನ ವಿರುದ್ಧ ತಾನೇ ಸಾಕ್ಷಿಯಾಗಬೇಕೆಂದು ಆರೋಪಿಯನ್ನು ಬಲವಂತಪಡಿಸಲಾಗದು ಎಂಬ ಸಂವಿಧಾನದ 20(3)ನೆಯ ವಿಧಿಯು ಅದಕ್ಕೆ ಆಧಾರ. ಪೊಲೀಸರೆದುರಿನ ತಪ್ಪೊಪ್ಪಿಗೆಯನ್ನು ಆರೋಪಿಯ ಮೇಲೆ ರುಜುವಾತು ಮಾಡಕೂಡದೆಂಬ 1872ರ ಸಾಕ್ಷ್ಯ ಅಧಿನಿಯಮದ ನಿಯಮವು 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿಯೂ ಉಳಿದಿದೆ. ಆ ತೀರ್ಪು ಬಂದ ಒಂದೇ ವರ್ಷಕ್ಕೆ ಈ ಆಟವು ಹೊರಬಂದಿತು. ಅದರಲ್ಲಿ ತಪ್ಪೊಪ್ಪಿಗೆಯೆಂದರೆ ಜಯವಾದ್ಯ.

ಇನ್ನು ಆಟದ ಹೃದಯಭಾಗಕ್ಕೆ ಬರುತ್ತೇನೆ. ಇಲ್ಲಿ ಕಥೆಯ ಗುಟ್ಟು ಬಯಲಾಗುವುದು ಅನಿವಾರ್ಯ. ಕೊಲೆ ವಿಭಾಗದಲ್ಲಿ ಒಂದರ ಹಿಂದೊಂದು ಸ್ತ್ರೀಯರ ಹತ್ಯೆಗಳು ನಡೆಯುತ್ತವೆ. 1947ರ ಜನವರಿಯಲ್ಲಿ ಆ ನಗರದಲ್ಲಿ ನಿಜವಾಗಿಯೂ ಹತಳಾದ ಎಲಿಜಬೆತ್ ಶಾರ್ಟ್ ಎಂಬವಳ ಪ್ರಕರಣದ ನೆರಳು ಇವುಗಳ ಮೇಲಿದೆ. ಅವಳ ಹಂತಕನು ಇಂದಿಗೂ ಸಿಕ್ಕಿಲ್ಲ. ಪ್ರತಿ ಪ್ರಕರಣದ ಕೊನೆಗೆ ಆಟಗಾರನು ಒಬ್ಬನನ್ನು ಸಿಕ್ಕಿಸಬೇಕು. ಒಂದರಲ್ಲಿ ಇಬ್ಬರು ಶಂಕಿತರು: ಸತ್ತವಳ ಗಂಡ, ಮತ್ತು ಮಕ್ಕಳಿಗೆ ಕೆಡುಕು ಮಾಡಿದ ಕುಖ್ಯಾತಿಯುಳ್ಳ ಮತ್ತೊಬ್ಬ. ಎರಡನೆಯವನನ್ನೇ ಸಿಕ್ಕಿಸಬೇಕೆಂಬುದು ಮೇಲಧಿಕಾರಿಯ ಇಷ್ಟ. ಹಾಗೆ ಮಾಡಿದರೆ ಹೊಗಳಿಕೆ, ಪೂರ್ಣ ನಕ್ಷತ್ರಗಳು. ಗಂಡನನ್ನು ಸಿಕ್ಕಿಸಿದರೆ ಛೀಮಾರಿ. ನಾವು ಮೇಲಧಿಕಾರಿಯ ಇಷ್ಟವನ್ನೇ ಪಾಲಿಸಿದೆವು. ಮೊಮ್ಮಗನು ಚಪ್ಪಾಳೆ ತಟ್ಟಿದನು. ಆರನೆಯ ಪ್ರಕರಣದಲ್ಲಿ ತಿಳಿಯುವುದೇನು? ಇಬ್ಬರೂ ಕೊಂದಿರಲಿಲ್ಲ. ಹಿಂದಿನ ಪ್ರಕರಣಗಳಲ್ಲಿ ನಾವು ಜೈಲಿಗೆ ಕಳುಹಿಸಿದವರಾರೂ ಕೊಂದಿರಲಿಲ್ಲ. ಹಂತಕನು ಬೇರೊಬ್ಬ, ಅವನು ಪ್ರಭಾವಿ ರಾಜಕಾರಣಿಯೊಬ್ಬನ ಬಂಧುವಾದುದರಿಂದ ವಿಷಯವನ್ನು ಮುಚ್ಚಿಹಾಕಿ, ಸಿಕ್ಕಿಬಿದ್ದವರನ್ನು ಸದ್ದಿಲ್ಲದೆ ಬಿಡಿಸಲಾಗುವುದೆಂದು ಮೇಲಧಿಕಾರಿಯು ಹೇಳುತ್ತಾನೆ.

ಇಷ್ಟು ಧೈರ್ಯದ ತಿರುವನ್ನು ನಾನು ಯಾವ ಪತ್ತೇದಾರಿ ಕಥೆಯಲ್ಲಿಯೂ ಕಂಡಿಲ್ಲ. ಆಟಗಾರನನ್ನೇ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವ ಈ ಕ್ಷಣಕ್ಕಾಗಿ ಕೃತಿಕಾರರನ್ನು ಮೆಚ್ಚುತ್ತೇನೆ. ಆದರೆ ಅಲ್ಲಿಯೇ ಅವರು ಕೈಬಿಟ್ಟರು. ನಾವು ಪಡೆದ ನಕ್ಷತ್ರಗಳನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಸುಳ್ಳು ಆರೋಪ ಹೊತ್ತವನ ಬಾಗಿಲಿಗೆ ಫೆಲ್ಪ್ಸ್ ಒಮ್ಮೆಯೂ ಹೋಗುವುದಿಲ್ಲ. ಅವನಿಗೆ ಬಡ್ತಿ ದೊರೆಯುತ್ತದೆ, ಕಥೆಯು ಬೇರೆ ವಿಭಾಗಕ್ಕೆ ಸಾಗುತ್ತದೆ.

ಫೆಲ್ಪ್ಸನ ಪಾತ್ರದಲ್ಲಿಯೂ ಇದೇ ಅರೆಮನಸ್ಸು. ಓಕಿನಾವಾದ ಯುದ್ಧದಲ್ಲಿ ಅವನಿಗೆ ಬಂದ ಶೌರ್ಯಪದಕಕ್ಕೆ ತಾನು ಅರ್ಹನಲ್ಲವೆಂದು ಅವನೇ ಬಲ್ಲನು. ಅಲ್ಲಿ ಅವನ ಅಪ್ಪಣೆಯಿಂದ ಗುಹೆಯಲ್ಲಿ ಅಡಗಿದ್ದ ನಾಗರಿಕರು ಸುಟ್ಟುಹೋದರು. ನಗರದ ಸಮಸ್ತರ ಮುಖಗಳನ್ನು ಓದುವವನು ತನ್ನ ಮುಖದ ಹಿಂದೆ ಇದನ್ನು ಹೊತ್ತಿದ್ದಾನೆ. ಆದರೆ ಅವನ ಮುಂದೆ ಆ ಮೂರು ಗುಂಡಿಗಳನ್ನು ಹಿಡಿದು ಕುಳಿತವರು ಯಾರೂ ಇಲ್ಲ. ಕೊನೆಯ ಭಾಗದ ಭೂಹಗರಣವು ಮಾತ್ರ ಚೆನ್ನಾಗಿದೆ: ಸರಕಾರವು ಹೆದ್ದಾರಿಗಾಗಿ ವಶಪಡಿಸಿಕೊಳ್ಳಲಿರುವ ಜಾಗದಲ್ಲಿ ಕಳಪೆ ಮನೆಗಳನ್ನು ಕಟ್ಟಿ ಪರಿಹಾರ ಹಿಗ್ಗಿಸಿಕೊಳ್ಳುವ ದೊಡ್ಡವರು, ಒಪ್ಪದವರ ಮನೆಗೆ ಬೀಳುವ ಬೆಂಕಿ. ಭೂಸ್ವಾಧೀನದ ಮಾತನ್ನು ಆಲಮಟ್ಟಿಯ ಕಾಲದಿಂದ ಕೇಳುತ್ತ ಬಂದ ನಮ್ಮ ಜಿಲ್ಲೆಯವರಿಗೆ ಇದಕ್ಕೆ ಟಿಪ್ಪಣಿ ಬೇಡ.

ಆಟದ ಹೊರಗಿನ ಒಂದು ಸಂಗತಿಯನ್ನೂ ಹೇಳಬೇಕು. ವರ್ಷಗಟ್ಟಲೆ ಅದಕ್ಕಾಗಿ ದುಡಿದ ನೂರಕ್ಕೂ ಹೆಚ್ಚು ಜನರ ಹೆಸರುಗಳು ಕೊನೆಯ ನಾಮಾವಳಿಯಲ್ಲಿ ಬಿಟ್ಟುಹೋಗಿದ್ದವೆಂದೂ, ಹೊತ್ತುಗೊತ್ತಿಲ್ಲದೆ ದುಡಿಸಿದರೆಂದೂ 2011ರಲ್ಲಿಯೇ ಆ ಕೆಲಸಗಾರರು ದೂರಿದರು. ಟೀಮ್ ಬಾಂಡಿ ಸಂಸ್ಥೆಯು ಅದೇ ವರ್ಷ ಮುಚ್ಚುವ ಸ್ಥಿತಿಗೆ ಬಂದಿತು. ಬೇರೆಯವರ ಶ್ರಮದ ಮೇಲಿನ ಹೆಸರನ್ನು ಅಳಿಸುವುದು ಯಾವ ಲೆಕ್ಕಕ್ಕೆ ಸೇರುತ್ತದೆಂದು ಅಸ್ತೇಯದ ಪಾಠ ಕೇಳಿದ ನಮ್ಮ ಮಕ್ಕಳೇ ಹೇಳಬಲ್ಲರು.

ಮೊಮ್ಮಗನು ಹೊರಡುವ ಹಿಂದಿನ ರಾತ್ರಿ ಇಬ್ಬರು ಶಂಕಿತರ ಆ ಪ್ರಕರಣವನ್ನು ಮತ್ತೊಮ್ಮೆ ಆಡೋಣವೆಂದೆನು. ಈ ಸಲ ಯಾರನ್ನೂ ಸಿಕ್ಕಿಸದೆ ಹೊರಗೆ ಬರುವ ದಾರಿಯನ್ನು ಹುಡುಕಬೇಕೆಂಬುದು ನನ್ನ ಹಟ. ವಿಚಾರಣೆಯ ಒಂದು ಕೋಣೆಯಿಂದ ಇನ್ನೊಂದಕ್ಕೆ ಬಹಳ ಹೊತ್ತು ಓಡಾಡಿದೆವು. ಒಬ್ಬರ ಮೇಲಾದರೂ ಆರೋಪ ಹೊರಿಸದೆ ಆಟವು ಮುಂದೆ ಸಾಗಲಿಲ್ಲ. “ಹಂಗ ಬರೂದಿಲ್ರಿ ಮುತ್ಯಾ, ಯಾರರ ಒಬ್ಬನ್ನ ಹಿಡೀಬೇಕ” ಎಂದು ಅವನು ನಕ್ಕನು. ಸ್ವಲ್ಪ ಹೊತ್ತು ಕಳೆದ ಮೇಲೆ, ಬಬಲೇಶ್ವರದ ಆ ಗುಮಾಸ್ತನ ಹೆಸರೇನೆಂದು ಕೇಳಿದನು. ಹೇಳಿದೆನು. ಯಂತ್ರವನ್ನು ಆರಿಸಿ ಮಲಗಿದೆವು.